ನೋಯದ ಕಾಲಿಗೆ ಚೆಂಡು

ಧಾರವಾಡ
ಕ್ರಿ.ಶ. ೨೨೧೪, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಮಕ್ಕಳಿಗೆ ಫುಟ್‌ಬಾಲ್ ಕಲಿಸಿ ದೊಡ್ಡ ಕ್ಲಬ್ಬುಗಳಿಗೆ ಕಳಿಸುತ್ತಿರುವ ಹಿರಿಯರಿಗೆ ನೀಲಗಂಗಾ ಹಂಚಿನಾಳ ಮಾಡುವ ನಮಸ್ಕಾರಗಳು.

ವಯಸ್ಸಿನಲ್ಲಿ ನಾನು ನಿಮ್ಮಲ್ಲಿ ಅನೇಕರಿಗೆ ತಾಯಿಯಂಥವಳು. ಹುಟ್ಟಿನ ಲೆಕ್ಕದಲ್ಲಿ ನಿಮ್ಮ ಮರಿಮಕ್ಕಳಿಗಿಂತ ಕಿರಿಯಳು. ಹೀಗಾಗಿ ನಿಮ್ಮನ್ನು ಹೇಗೆ ಕರೆಯಬೇಕೆಂದು ತಿಳಿಯದೆ ಹಿರಿಯರೇ ಎಂದಿದ್ದೇನೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಅಪರಿಚಿತವಾಗಿ ಕೇಳಿಸಬಹುದು, ಮನ್ನಿಸಬೇಕು. ಹಳೆಯ ಮಾತುಗಳು ನಮ್ಮಲ್ಲಿ ಉಳಿದಿವೆ, ಆದರೆ ಅವು ಬೇರೆ ವಸ್ತುಗಳ ಮೇಲೆ ಹೋಗಿ ಕೂತಿವೆ. ನಿಮ್ಮ ಕಾಲದಲ್ಲಿ ಕಿವಿಮಾತು ಎಂದರೆ ಹಿರಿಯರು ಹೇಳುವ ಬುದ್ಧಿಮಾತಾಗಿತ್ತಂತೆ. ನಮಗೆ ಅದು ಕಡಲೆಕಾಳಿನಷ್ಟು ದೊಡ್ಡ ಯಂತ್ರ. ಆಟಗಾರರು ಅದನ್ನು ಕಿವಿಯೊಳಗೆ ಇಟ್ಟುಕೊಳ್ಳುತ್ತಾರೆ. ಎಲ್ಲಿ ಓಡಬೇಕು, ಯಾವಾಗ ಒದೆಯಬೇಕು ಎಂಬುದನ್ನು ಅದು ಹೇಳುತ್ತಿರುತ್ತದೆ. ಹದಿಮೂರನೆಯ ತಿಂಗಳೆಂದರೆ ಬಿಸಿಲುತಿಂಗಳು. ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಡ ತಂದು ಮೇ ಮತ್ತು ಜೂನ್ ನಡುವೆ ಅದನ್ನು ಸೇರಿಸಿದ್ದಾರೆ. ಆಗ ಯಾರೂ ದುಡಿಯುವುದಿಲ್ಲ, ಯಾರೂ ಹೊರಗೆ ಬರುವುದಿಲ್ಲ. ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆಯೊಂದು ಈಗ ಇದೆ. ಜನ ಬಿಸಿಲುತಿಂಗಳಲ್ಲಿ ಕೂತು ತಮ್ಮ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನನ್ನ ಮುತ್ತಜ್ಜಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಹಿಂದೆ ಡಿಫೆಂಡರ್ ಆಗಿ ಆಡಿದವಳು. ಆಮೇಲೆ ಕೆಲಗೇರಿ ಕೆರೆಯ ದಂಡೆಯ ಪಳಗುಮನೆಯಲ್ಲಿ ಕೋಚ್ ಆದೆ. ನೀವು ಅಕಾಡೆಮಿ ಎನ್ನುವುದನ್ನು ನಾವು ಪಳಗುಮನೆ ಎನ್ನುತ್ತೇವೆ. ಮೈದಾನದ ಮೇಲೆ ಬಿಳಿಯ ಬಟ್ಟೆಯ ದೊಡ್ಡ ಚಪ್ಪರವಿದೆ. ಬೆಳಗಿನ ತಂಪುಹೊತ್ತು, ಸಂಜೆಯ ತಂಪುಹೊತ್ತು ಎಂದು ಸೈರನ್ ಕೂಗಿದಾಗ ಮಾತ್ರ ಅದರ ಕೆಳಗೆ ಆಡಬಹುದು. ಊಟದ ಕೋಣೆಯಲ್ಲಿ ಒಂದು ತಂಡ ಪೂರ್ತಿ ಕೂರುವಷ್ಟು ಉದ್ದದ ಮೇಜಿದೆ. ನಾನು ಸೇರಿದಾಗ ಅದರ ಒಂದು ಬದಿಯಾದರೂ ತುಂಬುತ್ತಿತ್ತು. ನಮ್ಮ ಕಾಲದಲ್ಲಿ ಮಕ್ಕಳು ಬಹಳ ಕಡಿಮೆ. ಒಂದು ಓಣಿಯಲ್ಲಿ ಮಗು ಹುಟ್ಟಿದರೆ ಊರಿನ ಪತ್ರಿಕೆಯಲ್ಲಿ ಹಾಕುತ್ತಾರೆ. ಇದ್ದವರಲ್ಲೂ ಹಲವರು ತಂಪು ಸೀಮೆಗಳಿಗೆ ತಂದೆತಾಯಿಯ ಜೊತೆ ಹೊರಟುಹೋದರು. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೇಜಿನ ಮುಂದೆ ನಾನು ಮತ್ತು ದ್ಯಾಮಿ ಇಬ್ಬರೇ ಉಳಿದೆವು.

ದ್ಯಾಮಿಯ ಪೂರ್ತಿ ಹೆಸರು ದ್ಯಾಮವ್ವ. ಅವಳ ತಂದೆತಾಯಿ ಕಾರವಾರದಲ್ಲಿ ಕಡಲನೀರನ್ನು ಸಿಹಿ ಮಾಡುವ ಕಾರ್ಖಾನೆಯ ಪಾಳಿಯಲ್ಲಿದ್ದರು. ಎಂಟು ವರ್ಷದವಳಿದ್ದಾಗ, ಉಳಿದ ಮಕ್ಕಳು ಹೊರಟುಹೋಗುತ್ತಿದ್ದ ಆ ಮಳೆಗಾಲದಲ್ಲೇ, ಅವಳನ್ನು ನನ್ನ ಬಳಿ ಬಿಟ್ಟುಹೋದರು. ತೆಳ್ಳಗಿನ, ಉದ್ದ ಕಾಲಿನ, ಮಾತು ಕಡಿಮೆಯ ಹುಡುಗಿ. ಚೆಂಡು ಅವಳ ಕಾಲಿಗೆ ಬಂದರೆ ಸಾಕಿದ ಪ್ರಾಣಿಯ ಹಾಗೆ ಅಲ್ಲೇ ನಿಲ್ಲುತ್ತಿತ್ತು. ಜೊತೆಗೆ ಆಡಲು ಮಕ್ಕಳಿಲ್ಲದ ಕಾರಣ ಅವಳು ನೆರಳುಗಳೊಂದಿಗೆ ಆಡಿ ಬೆಳೆದಳು. ನೆರಳು ಎಂದರೆ ಬೆಳಕಿನಿಂದ ಮಾಡಿದ ಆಟಗಾರ. ನೋಡಲು ಮನುಷ್ಯರಂತೆಯೇ ಇರುತ್ತವೆ, ಓಡುತ್ತವೆ, ಅಡ್ಡ ಬರುತ್ತವೆ. ಮೈಗೆ ಮೈ ತಾಗಿದರೆ ಮಾತ್ರ ಮಾಯವಾಗಿ, ಮರುಗಳಿಗೆ ಇನ್ನೊಂದು ಕಡೆ ಎದ್ದು ನಿಲ್ಲುತ್ತವೆ. ದೇಶದ ಎಲ್ಲ ಪಳಗುಮನೆಗಳಲ್ಲಿ ಮಕ್ಕಳು ಕಲಿಯುವುದು ಹೀಗೆಯೇ.

ಒಂದು ದಿನ ಊಟಕ್ಕೆ ಕೂತಾಗ ದ್ಯಾಮಿ ಖಾಲಿ ಕುರ್ಚಿಗಳನ್ನು ನೋಡುತ್ತ ಕೇಳಿದಳು: "ಅಕ್ಕಾವ್ರ, ನೆರಳಿನವರು ಎಲ್ಲಿ ಉಣ್ಣತಾರ್ರೀ?"

ಅವರಿಗೆ ಹಸಿವಿಲ್ಲವೆಂದು ಹೇಳಿದೆ. ಅವಳು ತಲೆಯಾಡಿಸಿ ಊಟ ಮುಂದುವರಿಸಿದಳು.

ಆಮೇಲೆ ಅವಳ ಆಟವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಗೋಲಿನ ದಾರಿಯಲ್ಲಿ ನೆರಳು ಅಡ್ಡ ಬಂದರೆ ಅವಳು ಸುತ್ತಿ ಹೋಗುತ್ತಿರಲಿಲ್ಲ, ನೇರ ಅದರೊಳಗಿನಿಂದ ಹಾದುಹೋಗುತ್ತಿದ್ದಳು. ಯಾರ ಮುಖವನ್ನೂ ನೋಡಿ ಚೆಂಡು ಕೊಡುತ್ತಿರಲಿಲ್ಲ. ಕಿವಿಮಾತು ಹೇಳಿದ ಜಾಗಕ್ಕೆ ಒದೆಯುತ್ತಿದ್ದಳು, ಅಲ್ಲಿ ಒಂದು ನೆರಳು ಇದ್ದೇ ಇರುತ್ತಿತ್ತು. ಹದಿನಾಲ್ಕು ತುಂಬಿದ ಮೇಲೆ ಕಾರವಾರದ ದೊಡ್ಡ ಕ್ಲಬ್ಬಿನ ಟ್ರಯಲ್ಸ್‌ಗೆ ಅವಳನ್ನು ಕರೆದೊಯ್ಯಬೇಕಿತ್ತು. ಅಲ್ಲಿ ಮೊದಲ ಸಲ ಮೈಯಿರುವ ಮಕ್ಕಳ ನಡುವೆ ನಿಲ್ಲುತ್ತಾಳೆ. ಆ ದಿನ ಏನಾಗಬಹುದೆಂದು ಯೋಚಿಸಿ ಹೆದರಿದೆ.

ಊರಲ್ಲಿ ಮಕ್ಕಳಿರಲಿಲ್ಲ. ಮುದುಕರಿದ್ದರು. ನಾನು ಮನೆಮನೆಗೆ ಹೋಗಿ ಸಂಜೆಯ ತಂಪುಹೊತ್ತಿಗೆ ಮೈದಾನಕ್ಕೆ ಬರಬೇಕೆಂದು ಕೇಳಿಕೊಂಡೆ. ಹಲವರು ನಕ್ಕರು. ನಮ್ಮ ಚಪ್ಪರದ ಬಟ್ಟೆ ಹೊಲಿಯುವ ಫಕೀರಪ್ಪ ಮೊದಲು ಒಪ್ಪಿದ. ಎಡಮೊಣಕಾಲು ಮಡಚುವುದಿಲ್ಲ, ಗೋಲ್‌ಕೀಪರ್ ಆಗಿ ನಿಂತರೆ ಆದೀತೇ ಎಂದು ಕೇಳಿದ. ಖಾನಾವಳಿ ನಡೆಸುವ ಹಜರಾಬಿ, "ನನಗ ಓಡಾಕ ಬರೂದಿಲ್ರೀ. ನಿಂತಲ್ಲೇ ನಿಂದರತೇನಿ, ಚೆಂಡು ಬಂದ್ರ ಒದೀತೇನಿ," ಎಂದಳು. ಹಾಗೆ ಒಬ್ಬೊಬ್ಬರಾಗಿ ಒಂದು ತಂಡಕ್ಕಾಗುವಷ್ಟು ಜನ ಬಂದರು. ಅವರಲ್ಲಿ ಎಲ್ಲರಿಗಿಂತ ಎಳೆಯವಳು ನಾನೇ.

ಮೊದಲ ಸಂಜೆ ಎರಡು ಬದಿಯಾಗಿ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ದ್ಯಾಮಿ ಚೆಂಡಿನೊಂದಿಗೆ ಗೋಲಿನತ್ತ ಓಡಿದಳು. ದಾರಿಯಲ್ಲಿ ಹಜರಾಬಿ ತಾನು ಹೇಳಿದ ಮಾತಿನಂತೆ ನಿಂತಲ್ಲೇ ನಿಂತಿದ್ದಳು. ದ್ಯಾಮಿ ಅವಳ ಮೂಲಕ ಹಾದುಹೋಗಲು ನೋಡಿದಳು. ಡಿಕ್ಕಿಯ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು. ಇಬ್ಬರೂ ಬಿದ್ದರು. ದ್ಯಾಮಿ ಎದ್ದಳು. ಎದ್ದವಳು ಹಜರಾಬಿಯ ಕಡೆ ನೋಡದೆ ಮೈದಾನದ ಆ ತುದಿ, ಈ ತುದಿ ಹುಡುಕಿದಳು. ಹಜರಾಬಿ ನೆರಳಿನಂತೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಾಳೆಂದು ಅವಳು ಕಾಯುತ್ತಿದ್ದಾಳೆ ಎಂದು ನನಗೆ ತಡವಾಗಿ ತಿಳಿಯಿತು.

"ಅವರು ಯಾಕ ಏಳವಲ್ರು, ಅಕ್ಕಾವ್ರ?" ಎಂದು ಕೇಳಿದಳು.

ಹಜರಾಬಿಯ ಬಲಗೈ ಮಣಿಕಟ್ಟು ಮುರಿದಿತ್ತು. ಅವಳು ನೋವಿಗೆ ನರಳುವುದನ್ನು ಕೇಳಿ ದ್ಯಾಮಿಯ ಮುಖ ಬಿಳುಚಿಕೊಂಡಿತು. ಮನುಷ್ಯರ ಮೈಯಿಂದ ಅಂಥ ದನಿ ಬರುತ್ತದೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಇನ್ನು ಆಡುವುದಿಲ್ಲ, ಕಾರವಾರಕ್ಕೂ ಬರುವುದಿಲ್ಲ ಎಂದಳು. ನಾನು ಹೇಳಿದ ಸಮಾಧಾನ ಯಾವುದೂ ಅವಳನ್ನು ಮುಟ್ಟಲಿಲ್ಲ. ಮೈದಾನದಲ್ಲಿ ನೆರಳುಗಳು ತಮ್ಮಷ್ಟಕ್ಕೆ ಎದ್ದು, ಆಡಲು ಯಾರೂ ಇಲ್ಲದೆ ಸಾಲಾಗಿ ನಿಂತು, ಹೊತ್ತು ಮುಗಿದ ಮೇಲೆ ಆರಿಹೋಗುತ್ತಿದ್ದವು.

ಕೆಲವು ದಿನಗಳ ಮೇಲೆ ಹಜರಾಬಿ ಕೈಗೆ ಪಟ್ಟಿ ಕಟ್ಟಿಕೊಂಡು ತಾನೇ ಬಂದಳು. ಬಾಗಿಲ ಮುಂದೆ ಕೂತು, ನಿಧಾನವಾಗಿ ಹೇಳಿದಳು: "ನನ್ನ ಕೈ ಮುರದೈತಿ. ನಿನ್ನವು ಎರಡೂ ನೆಟ್ಟಗ ಅದಾವಲ್ಲ? ಖಾನಾವಳ್ಯಾಗ ಮಂದಿ ಹಸಕೊಂಡು ಕುಂತಾರ. ಬಾ, ರೊಟ್ಟಿ ಬಡಿ."

ಬಾಗಿಲು ತೆರೆಯಿತು.

ಹಜರಾಬಿಯ ಕೈ ಕೂಡಿಕೊಳ್ಳುವವರೆಗೂ ದ್ಯಾಮಿ ಖಾನಾವಳಿಯಲ್ಲಿ ದುಡಿದಳು. ಮೊದಮೊದಲು ಅವಳ ರೊಟ್ಟಿಗಳು ಹರಿದು ಹೋಗುತ್ತಿದ್ದವು. ಜನ ಬೇಸರಪಡದೆ ತಿಂದರು, ಗೇಲಿಯೂ ಮಾಡಿದರು. ನಮ್ಮ ತಂಡದವರೆಲ್ಲ ಅಲ್ಲಿಯೇ ಊಟಕ್ಕೆ ಬರುವವರು. ಫಕೀರಪ್ಪ ಕಟ್ಟೆ ಹತ್ತುವಾಗ ಯಾವ ಕಾಲು ಮೊದಲು ಇಡುತ್ತಾನೆ, ಯಾರಿಗೆ ಎಡಗಿವಿ ಕೇಳಿಸುವುದಿಲ್ಲ, ಯಾರು ಕೂತರೆ ಏಳಲು ಕೈ ಚಾಚುತ್ತಾರೆ, ಇದನ್ನೆಲ್ಲ ಅವಳು ತಟ್ಟೆ ಇಡುತ್ತಲೇ ನೋಡಿಕೊಂಡಳು. ಊಟಕ್ಕೆ ಕೂತವರು ಜಗಳವಾಡುವುದನ್ನೂ ನಗುವುದನ್ನೂ ಕೇಳಿದಳು. ಸಂಜೆ ಪಳಗುಮನೆಗೆ ಬಂದು ಅವರ ಸುದ್ದಿ ಹೇಳತೊಡಗಿದಳು. ಆ ಉದ್ದದ ಮೇಜಿನ ಮುಂದೆ ಅಷ್ಟು ಮಾತು ಕೇಳಿ ನನಗೆ ಎಷ್ಟೋ ಕಾಲವಾಗಿತ್ತು.

ಮತ್ತೆ ಮೈದಾನಕ್ಕೆ ಇಳಿದಾಗ ಅವಳ ಆಟ ಬದಲಾಗಿತ್ತು. ಫಕೀರಪ್ಪ ಆ ದಿನ ಗೋಲು ಕಾಯುವುದನ್ನು ಬಿಟ್ಟು ಅವಳ ಬದಿಯಲ್ಲಿ ಮುಂದೆ ಬಂದಿದ್ದ. ದ್ಯಾಮಿ ತಲೆಯೆತ್ತಿ ಅವನನ್ನು ನೋಡಿದಳು, ಚೆಂಡನ್ನು ಮೆಲ್ಲಗೆ ಅವನ ಬಲಗಾಲಿಗೆ, ನೋಯದ ಕಾಲಿಗೆ, ಉರುಳಿಸಿದಳು. ಅವನು ನಿಂತಲ್ಲಿಂದಲೇ ಗೋಲು ಹೊಡೆದ. ನಾನು ಇಪ್ಪತ್ತು ವರ್ಷ ಆಡಿದವಳು, ದೊಡ್ಡ ದೊಡ್ಡ ಮೈದಾನಗಳನ್ನು ಕಂಡವಳು. ಅಂಥ ಪಾಸ್ ನನಗೆ ಯಾರೂ ಕೊಟ್ಟಿರಲಿಲ್ಲ. ಅದಾದ ಮೇಲೆ ಪ್ರತಿ ಸಂಜೆ ಆ ಮುದುಕರು ಸೈರನ್‌ಗೆ ಮೊದಲೇ ಬಂದು ಕಾಯುತ್ತಿದ್ದರು.

ಟ್ರಯಲ್ಸ್ ಕಾರವಾರದ ತೇಲುಮೈದಾನದಲ್ಲಿ ನಡೆಯಿತು. ಕಡಲು ಏರಿ ದಂಡೆ ಮುಳುಗಿದ್ದರಿಂದ ಅಲ್ಲಿ ನೀರಿನ ಮೇಲೆಯೇ ಮೈದಾನ ಕಟ್ಟಿದ್ದಾರೆ. ಬೇರೆ ಬೇರೆ ಪಳಗುಮನೆಗಳಿಂದ ಹುಡುಗಿಯರು ಬಂದಿದ್ದರು. ಅಷ್ಟು ಮಕ್ಕಳನ್ನು ಒಟ್ಟಿಗೆ ಕಂಡು ನನ್ನ ಕಣ್ಣು ತುಂಬಿತು. ಒಬ್ಬೊಬ್ಬಳೂ ಚೆಂದ ಆಡುತ್ತಿದ್ದಳು, ಆದರೆ ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತಿರಲಿಲ್ಲ. ಕಿವಿಮಾತು ಹೇಳಿದ ಖಾಲಿ ಜಾಗಕ್ಕೆ ಒದೆಯುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಡಿಕ್ಕಿ ಹೊಡೆದು ಬಿದ್ದರೆ ಬೆಚ್ಚಿ ಸುತ್ತ ನೋಡುತ್ತಿದ್ದರು. ಕುಮಟೆಯಿಂದ ಬಂದಿದ್ದ ಹುಡುಗಿಯೊಬ್ಬಳು ಹಾಗೆ ಬಿದ್ದು, ಮಂಡಿ ತರಚಿ, ಆಟದ ನಡುವೆ ಕೂತು ಅಳತೊಡಗಿದಳು. ದ್ಯಾಮಿ ಚೆಂಡನ್ನು ಗೆರೆಯ ಹೊರಗೆ ಒದ್ದು ಅವಳ ಬಳಿ ಹೋದಳು. ಕೈ ಹಿಡಿದು ಎಬ್ಬಿಸಿದಳು. ತನ್ನ ಕಿವಿಯಿಂದ ಯಂತ್ರವನ್ನು ತೆಗೆದು ಕಿಸೆಯಲ್ಲಿ ಹಾಕಿಕೊಂಡು ಅವಳಿಗೆ ಏನೋ ಹೇಳಿದಳು. ಹತ್ತಿರವಿದ್ದ ಕಾರಣ ನನಗೆ ಕೇಳಿಸಿತು.

"ಹೆದರಬ್ಯಾಡ. ಚೆಂಡು ಬಂದ್ರ ನನ್ನ ಕಡೆ ನೋಡ. ನಾ ಇಲ್ಲೇ ಅದೇನಿ."

ಆ ಹುಡುಗಿ ನೋಡಿದಳು. ಅವಳನ್ನು ಕಂಡು ಇನ್ನೊಬ್ಬಳು ನೋಡಿದಳು. ಆಟ ಮುಗಿಯುವ ಹೊತ್ತಿಗೆ ಆ ಬದಿಯವರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ನಮ್ಮ ಕಾಲದಲ್ಲಿ ಅದು ಯಾರೂ ಕೇಳದ ಗದ್ದಲ. ಆಯ್ಕೆಯವರು ಬಹಳ ಹೊತ್ತು ತಮ್ಮೊಳಗೆ ಚರ್ಚಿಸಿದರು. ದ್ಯಾಮಿ ಆಟ ನಿಲ್ಲಿಸಿದ್ದು ತಪ್ಪೆಂದು ಒಬ್ಬರು, ಚೆಂಡು ತನ್ನಲ್ಲಿ ಇಟ್ಟುಕೊಳ್ಳುವುದೇ ಇಲ್ಲವೆಂದು ಇನ್ನೊಬ್ಬರು. ಕೊನೆಗೆ ಕ್ಲಬ್ಬಿನ ಹಿರಿಯ ಕೋಚ್, ನಡುವಯಸ್ಸಿನ ಹೆಂಗಸು, ನನ್ನನ್ನು ಕರೆದು ದ್ಯಾಮಿ ಯಾವ ಜಾತಿಯ ನೆರಳುಗಳೊಂದಿಗೆ ಕಲಿತಿದ್ದಾಳೆಂದು ವಿಚಾರಿಸಿದರು. ಬಹಳ ಹಳೆಯವು, ಮೊಣಕಾಲು ನೋಯುವಂಥವು ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ನಕ್ಕರು. ದ್ಯಾಮಿಯನ್ನು ತೆಗೆದುಕೊಂಡರು. ಕುಮಟೆಯ ಹುಡುಗಿಯನ್ನೂ ತೆಗೆದುಕೊಂಡರು.

ಸಂಜೆ ಅವಳ ಪೆಟ್ಟಿಗೆ ಹಿಡಿದು ಹುಡುಗಿಯರ ವಸತಿಯ ಬಾಗಿಲವರೆಗೆ ಹೋದೆ. ಪಾಳಿ ಮುಗಿಸಿ ಬಂದ ಅವಳ ತಂದೆತಾಯಿ ಅವಳ ತಲೆ ಸವರಿದರು. ಇನ್ನು ವಾರಕ್ಕೊಮ್ಮೆ ಮಗಳ ಮುಖ ನೋಡಬಹುದೆಂಬ ಸಂತೋಷ ಅವರಿಗೆ. ಒಳಗೆ ಹುಡುಗಿಯರು ಕಿಟಕಿಯ ಪಕ್ಕದ ಹಾಸಿಗೆಗಾಗಿ ಜಗಳ ತೆಗೆದಿದ್ದರು. ಆ ದನಿಗಳು ಕಿವಿಗೆ ಬೀಳುತ್ತಲೇ ದ್ಯಾಮಿ ಪೆಟ್ಟಿಗೆ ಕಸಿದುಕೊಂಡು ಓಡಿದಳು. ನನಗೆ ಹೋಗಿಬರುತ್ತೇನೆಂದು ಹೇಳುವುದನ್ನು ಮರೆತಳು. ನಾನು ಗೋಡೆಯ ಈಚೆ ನಿಂತು, ಅವಳ ದನಿ ಉಳಿದ ದನಿಗಳೊಳಗೆ ಬೆರೆತು ಗುರುತು ಸಿಗದಂತಾಗುವವರೆಗೂ ಕೇಳಿದೆ. ಆಮೇಲೆ ಬಸ್ಸು ಹತ್ತಿದೆ.

ಈಗ ಪಳಗುಮನೆಯಲ್ಲಿ ನಾನೊಬ್ಬಳೇ. ಮುದುಕರು ಸ್ವಲ್ಪ ಕಾಲ ಬಂದರು, ಆಡಿದರು. ಆದರೆ ಯಾರಿಗಾಗಿ ಆಡಬೇಕೆಂಬುದೇ ಇಲ್ಲದೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಫಕೀರಪ್ಪ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಹಜರಾಬಿ ದ್ಯಾಮಿಯ ಆಟದ ದಿನ ಖಾನಾವಳಿ ಮುಚ್ಚಿ ನನ್ನ ಜೊತೆ ಕೂತು ನೋಡುತ್ತಾಳೆ, ಉಳಿದ ದಿನ ಅವಳಿಗೂ ಪುರುಸೊತ್ತಿಲ್ಲ. ಬಿಸಿಲುತಿಂಗಳು ಮುಗಿದ ಮೇಲೆ ಈ ಮನೆಯನ್ನು ಮುಚ್ಚುತ್ತಾರೆ. ಕೆಲವು ಸಂಜೆ ಸುಮ್ಮನೆ ನೆರಳುಗಳನ್ನು ಹೊತ್ತಿಸಿ ಮೆಟ್ಟಿಲ ಮೇಲೆ ಕೂರುತ್ತೇನೆ. ಅವು ನನ್ನ ಕಡೆ ನೋಡುವುದಿಲ್ಲ.

ಹಿರಿಯರೇ, ನಿಮ್ಮ ಕಾಲದ ಸಂಗತಿಯನ್ನು ನಾನು ಓದಿದ್ದೇನೆ. ನಿಮ್ಮ ಅಕಾಡೆಮಿಗಳ ಗೇಟಿನ ಮುಂದೆ ಬೆಳಗಾಗುವ ಮೊದಲೇ ಮಕ್ಕಳು ಸಾಲುಗಟ್ಟುತ್ತಿದ್ದರಂತೆ. ನೂರು ಮಕ್ಕಳಲ್ಲಿ ನೀವು ಇಬ್ಬರನ್ನೋ ಮೂವರನ್ನೋ ಇಟ್ಟುಕೊಂಡು ಉಳಿದವರನ್ನು ಕಳಿಸುತ್ತಿದ್ದಿರಂತೆ. ಆರಿಸುವುದು ನಿಮ್ಮ ಕೆಲಸ, ಅದನ್ನು ಬಿಡಿ ಎನ್ನಲು ನಾನು ಯಾರೂ ಅಲ್ಲ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಬೂಟಿನ ಚೀಲ ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿ ಮನೆಯ ದಾರಿ ಹಿಡಿದ ಆ ಮಕ್ಕಳನ್ನು ನಾಳೆ ಸಂಜೆಯೂ ಆಡಲು ಬರಹೇಳಿ. ಮೂಲೆಯ ಒಂದು ತುಂಡು ನೆಲ, ಒಂದು ಹಳೆಯ ಚೆಂಡು ಕೊಟ್ಟರೂ ಸಾಕು. ಸಾಧಾರಣವಾಗಿ ಆಡುವವರೆಂದು ಅವರನ್ನು ಕಡೆಗಣಿಸಬೇಡಿ. ನೀವು ಬೇಡವೆಂದು ಕಳಿಸಿದ ಅವರಲ್ಲಿ ಹತ್ತು ಮಕ್ಕಳು, ಯಾವ ಹತ್ತಾದರೂ ಸರಿ, ನನ್ನ ಮೈದಾನಕ್ಕೆ ಬೇಕಾಗಿದ್ದರು.

ಇತಿ, ನಿಮ್ಮನ್ನು ಎಂದೂ ಕಾಣಲಾಗದ,
ನೀಲಗಂಗಾ