ಹಳದಿ ಬಣ್ಣದ ಕೆಳಗಿನ ಗೆರೆ

ಬಸವನಗುಡಿ
೨೮ ಸೆಪ್ಟೆಂಬರ್ ೨೦೨೫, ಭಾನುವಾರ

ವೇಣು,

ಪತ್ರದ ಮೊದಲಿಗೆ ಕ್ಷೇಮ ವಿಚಾರಿಸುವುದು ರೂಢಿ. ನಿನ್ನದು ವಿಚಾರಿಸುವ ಅಗತ್ಯವಿಲ್ಲ. ಶುಕ್ರವಾರ ದೊಡ್ಡಬೈರಪ್ಪನವರ ಫೋನಿನ ಸ್ಪೀಕರಿನಲ್ಲಿ ನಿನ್ನ ನಗು ಕೇಳಿದೆ, ಗಂಟಲು ಚೆನ್ನಾಗಿದೆ. ನನಗೆ ಮಾತ್ರ ಎರಡು ದಿನದಿಂದ ಮೂಗಿನಲ್ಲಿ ಬಣ್ಣದ ವಾಸನೆ ಉಳಿದುಬಿಟ್ಟಿದೆ. ಅನ್ನ ಕಲಸಿದರೂ ಅದೇ ವಾಸನೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯ, ನಾನು ಕೂಗುತ್ತೇನೆ, ಕೊನೆಗೆ ನಾನು ಕೂಗಿದ್ದೇ ದೊಡ್ಡ ವಿಷಯವಾಗುತ್ತದೆ. ಕಾಗದದ ಮೇಲೆ ಕೂಗಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕುಮಾರ ಪಾರ್ಕಿಗೆ ಮನೆ ಬದಲಿಸಿ ಮೂರು ವರ್ಷವಾಯಿತು. ಆದರೂ ಚಾಮರಾಜಪೇಟೆಯ ನಮ್ಮ ಆಫೀಸಿನ ಬೋರ್ಡಿನಲ್ಲಿ ಇಬ್ಬರ ಹೆಸರೂ ಇದೆ. ನಾವು ಕೊಡುವ ಪ್ರತಿಯೊಂದು ಸುರಕ್ಷತಾ ಪ್ರಮಾಣಪತ್ರದ ಕೆಳಗೆ ಇಬ್ಬರ ಸಹಿಯೂ ಇರುತ್ತದೆ. ಪರೀಕ್ಷೆ ಮಾಡಿದವನು ನೀನು, ಅದನ್ನು ಖಚಿತಪಡಿಸುವವಳು ನಾನು. ಒಂದು ಮನೆಯಲ್ಲಿ ಇರಲಾಗದಿದ್ದರೂ ಒಂದು ಕಾಗದದ ಮೇಲೆ ಇರಬಲ್ಲೆವು ಎಂದು ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ದೊಡ್ಡಬೈರಪ್ಪನವರ ಮನರಂಜನಾ ಪಾರ್ಕಿನ ರೋಲರ್ ಕೋಸ್ಟರಿನ ವಿಷಯಕ್ಕೆ ಬರುತ್ತೇನೆ. ಏಳುನೂರ ನಲವತ್ತು ಮೀಟರ್ ಉಕ್ಕಿನ ಹಳಿ, ಮೂವತ್ತೆಂಟು ಮೀಟರ್ ಎತ್ತರ, ಅರವತ್ತೊಂದು ಕಂಬ. ಬೋಲ್ಟುಗಳು ಒಂದು ಸಾವಿರದ ಐನೂರ ತೊಂಬತ್ತೆರಡು. ಒಂದೊಂದನ್ನೂ ಟಾರ್ಕ್ ರೆಂಚಿನಲ್ಲಿ ನಿಗದಿಯಾದಷ್ಟು ಬಿಗಿ ಮಾಡಿ, ನಟ್ಟಿನಿಂದ ಕೆಳಗಿನ ಉಕ್ಕಿನ ತಟ್ಟೆಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ನಮ್ಮ ಕ್ರಮ. ರೈಲು ಓಡಿ, ಕಂಬ ಅದುರಿ, ನಟ್ಟು ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ. ಓದು ಬಾರದವರೂ ಓದಬಹುದಾದ ಬರಹ ಎಂದು ಹೊಸಬರಿಗೆ ಪಾಠ ಮಾಡುತ್ತಿದ್ದವನು ನೀನೇ.

ಜುಲೈಯಲ್ಲಿ ಸೀಟುಗಳ ಮೇಲೆ ನೀರು ತುಂಬಿದ ಬೊಂಬೆಗಳನ್ನು ಕೂರಿಸಿ ಇನ್ನೂರು ಸುತ್ತು ಓಡಿಸಿದೆವು. ಹನ್ನೊಂದು ಗೆರೆ ತುಂಡಾಗಿದ್ದವು, ಬಹುಪಾಲು ಮೊದಲ ಇಳಿಜಾರಿನ ಕೆಳಗಿರುವ ಒಂಬತ್ತನೇ ಕಂಬದಲ್ಲಿ. ಎಲ್ಲ ಬೋಲ್ಟನ್ನೂ ಮತ್ತೆ ಬಿಗಿ ಮಾಡಬೇಕು, ಇನ್ನೂ ಮುನ್ನೂರು ಸುತ್ತು ಓಡಿಸಬೇಕು, ಗೆರೆಗಳನ್ನು ಮತ್ತೆ ನೋಡಬೇಕು ಎಂದು ಇಬ್ಬರೂ ಕೂತು ತೀರ್ಮಾನ ಮಾಡಿದೆವು. ಕಳೆದ ಸೋಮವಾರ, ಇಪ್ಪತ್ತೆರಡನೇ ತಾರೀಕು, ಇದೆಲ್ಲ ಮುಗಿಯಿತು ಎಂಬ ಪ್ರಮಾಣಪತ್ರವನ್ನು ನೀನು ತಂದು ನನ್ನ ಮುಂದಿಟ್ಟೆ. ನಾನು ಸಹಿ ಹಾಕಿದೆ. ನಿನ್ನ ಮಾತು ನಂಬಿದೆ ಎಂದಿಟ್ಟುಕೋ.

ಗುರುವಾರ ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಬಂತು. ವಿಜಯದಶಮಿಗೆ ಉದ್ಘಾಟನೆ. ಪಾರ್ಕಿನ ಮಾಲೀಕರಾದ ದೊಡ್ಡಬೈರಪ್ಪ ಹೊಚ್ಚ ಹೊಸ ಅರಿಶಿನದ ಬಣ್ಣದ ಕಂಬಕ್ಕೆ ಕೈ ಊರಿಕೊಂಡು ನಿಂತಿದ್ದರು. ಟೆಂಡರ್ ನೋಟೀಸನ್ನೂ ಬಿಡದೆ ಓದುತ್ತೀಯ ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಆ ಚಾಳಿಯಿಂದಲೇ ಕಣ್ಣಿಗೆ ಬಿತ್ತು. ಅವರ ಕಾಲಿನ ಪಕ್ಕ ಕಂಬದ ಬುಡದ ಬೋಲ್ಟುಗಳು. ಭೂತಗನ್ನಡಿ ಹಿಡಿದು ನೋಡಿದೆ. ಬಿಳಿ ಗೆರೆಗಳು ಇದ್ದವು, ಹಳದಿ ಬಣ್ಣದ ಮೇಲೆ. ನಾವು ಗೆರೆ ಎಳೆದದ್ದು ಬೂದು ಬಣ್ಣದ ಬರೀ ಉಕ್ಕಿನ ಮೇಲೆ. ಆಮೇಲೆ ಬಣ್ಣ ಬಳಿದರೆ ಗೆರೆಗಳು ಬಣ್ಣದ ಕೆಳಗೆ ಹೋಗಬೇಕು. ಇವು ಮೇಲೆ ಹೇಗೆ ಬಂದವು?

ಶುಕ್ರವಾರ ಯಾರಿಗೂ ಹೇಳದೆ ಪಾರ್ಕಿಗೆ ಹೋದೆ. ಒಂಬತ್ತನೇ ಕಂಬದ ಹತ್ತಿರ ತಿಮ್ಮಕ್ಕ ಎಂಬ ಹೆಂಗಸು ಬೇಲಿಗೆ ಕೆಂಪು ಬಳಿಯುತ್ತಿದ್ದಳು. ಈ ಗೆರೆ ಯಾರು ಹಾಕಿದ್ದು ಎಂದು ಕೇಳಿದ್ದಕ್ಕೆ ಅವಳ ಮುಖ ಅರಳಿತು. ನಾನೇ ಕಣಮ್ಮ, ನಾವು ನಾಲ್ಕು ಜನ ಸೇರ್ಕೊಂಡು ಶನಿವಾರ ಭಾನುವಾರ ಎರಡೂ ದಿನ ಕೂತು ಹಾಕಿದ್ವಿ, ಅಮಾಸೆ ದಿನ ಬರಲ್ಲ ಅಂದ್ರೂ ಸಾಹೇಬ್ರು ಬಿಡ್ಲಿಲ್ಲ ಅಂದಳು. ಆಯುಧ ಪೂಜೆಗೆ ಎಲ್ಲಾ ಹೊಸದಾಗಿ ಕಾಣ್ಬೇಕು ಅಂತ ಮಾಲೀಕ್ರು ನಟ್ಟು ಬೋಲ್ಟೂ ಸೇರಿಸಿ ಬಣ್ಣ ಹೊಡೆಸಿದ್ರು, ಆಮೇಲೆ ವೇಣು ಸಾಹೇಬ್ರು ಬಂದು ಗೆರೆ ಎಲ್ಲಾ ಹೋಯ್ತಲ್ಲ ಅಂತ ತಲೆ ಮೇಲೆ ಕೈ ಹೊತ್ಕೊಂಡ್ರು ಅಂದಳು. ಪಾರ್ಕಿನ ಬಾಗಿಲಿಗೆ ಅವಳು ಹಾಕಿದ್ದ ರಂಗೋಲಿ ನೋಡಿ, ತಿಮ್ಮಕ್ಕ, ನಿನ್ನ ಕೈ ಅದುರಲ್ಲ, ನೀನೇ ಹಾಕು ಅಂದೆಯಂತೆ. ಬಿಗಿ ಮಾಡುವವರು ಯಾರಾದರೂ ಜೊತೆಗಿದ್ದರಾ ಎಂದು ಕೇಳಿದೆ. ಯಾರೂ ಇಲ್ಲಮ್ಮ, ನಮ್ ಕೈಲಿ ಬ್ರಷ್ ಒಂದೇ. ನೋಡಿ, ಅಷ್ಟರಲ್ಲಿ ಒಂದಾದ್ರೂ ಸೊಟ್ಟ ಐತಾ ಅಂದಳು.

ಒಂದೂ ಸೊಟ್ಟ ಇರಲಿಲ್ಲ. ಚೆನ್ನಾಗಿದೆ ಎಂದೆ. ಅವಳಿಗೆ ಇನ್ನೇನು ಹೇಳಲಿ?

ಮನೆ ಬೀಗದ ಕೈಯಿಂದ ಒಂದು ನಟ್ಟಿನ ಬಣ್ಣ ಕೆರೆದೆ. ಹಳದಿಯ ಕೆಳಗೆ ಹಳೆಯ ಗೆರೆ ಸಿಕ್ಕಿತು. ಆ ಕಂಬದ ಬುಡದ ಎಂಟೂ ಬೋಲ್ಟುಗಳನ್ನು ಕೆರೆದೆ. ಐದರಲ್ಲಿ ಗೆರೆ ಇಡಿಯಾಗಿತ್ತು. ಮೂರರಲ್ಲಿ ತುಂಡಾಗಿತ್ತು. ತುಂಡಾದ ಗೆರೆಯ ಮೇಲೆ ತಿಮ್ಮಕ್ಕನ ನೇರವಾದ ಗೆರೆ.

ಅಲ್ಲಿಂದ ಕಂಟ್ರೋಲ್ ರೂಮಿಗೆ ಹೋದೆ. ಸುತ್ತು ಎಣಿಸುವ ಯಂತ್ರ ಇನ್ನೂರ ಅರವತ್ತೆರಡು ತೋರಿಸುತ್ತಿತ್ತು. ನಿನ್ನ ಪ್ರಮಾಣಪತ್ರದಲ್ಲಿ ಐನೂರು ಎಂದಿದೆ.

ದೊಡ್ಡಬೈರಪ್ಪನವರನ್ನು ಕರೆತಂದು ತೋರಿಸಿದೆ. ಅವರು ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು ನೋಡಿದರು. ಮೇಡಂ, ನಟ್ಟು ಬೋಲ್ಟು ನಂಗೆ ತಿಳಿಯಲ್ಲ, ನಿಮ್ಮಿಬ್ಬರ ಸಹಿ ನೋಡೇ ನನ್ನ ಮೊಮ್ಮಗಳು ಬಿಂದೂನ ಮೊದಲನೇ ಸೀಟಲ್ಲಿ ಕೂರಿಸ್ತಿದೀನಿ ಅಂದರು. ಹಿಂದಿನ ಹತ್ತೊಂಬತ್ತು ಸೀಟಿಗೆ ಅವಳ ಕ್ಲಾಸಿನ ಮಕ್ಕಳಂತೆ. ಆಮೇಲೆ ನಿನಗೆ ಫೋನ್ ಹಚ್ಚಿದರು. ಅದು ಹಳೇ ಗೆರೆ ಸರ್, ಆಮೇಲೆ ಬಿಗಿ ಮಾಡಿದೀವಿ, ನಟ್ಟು ತಿರುಗಿರುತ್ತೆ ಅಂದೆ ನೀನು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ನಕ್ಕೆ. ಮನೆ ಜಗಳ ಸರ್, ನಟ್ಟಿಗೆ ತಂದು ಕಟ್ತಾಳೆ, ನೀವು ಮನಸ್ಸಿಗೆ ಹಚ್ಕೋಬೇಡಿ ಅಂದೆ. ಅವರೂ ನಕ್ಕರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಂಗೆ ಮಾಡ್ಬೇಡಿ ತಾಯಿ ಎಂದು ನನಗೇ ಕೈ ಮುಗಿದರು. ಆ ಕೂಸು ತಮ್ಮ ಬಿಂದುವೇ ಎಂದು ಅವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಬಿಗಿ ಮಾಡಿದ್ದರೆ ನಟ್ಟು ಬಲಕ್ಕೆ ತಿರುಗಿರಬೇಕು. ಮೂರೂ ಎಡಕ್ಕೆ ತಿರುಗಿವೆ. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ, ಮನೆಯ ನಲ್ಲಿ ತಿರುಗಿಸಿದವರಿಗೆಲ್ಲ ಗೊತ್ತು.

ನೀನು ಸುಳ್ಳು ಹೇಳಿದ್ದು ಹೊಸದಲ್ಲ. ಬಣ್ಣ ಬಳಿಸಿದ್ದು ನೀನಲ್ಲ ಎಂಬುದನ್ನೂ ಒಪ್ಪುತ್ತೇನೆ. ಗೆರೆ ಅಳಿಸಿಹೋಯಿತು, ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಹಬ್ಬಕ್ಕೆ ಆಗುವುದಿಲ್ಲ ಎಂದು ಮಾಲೀಕರಿಗೆ ಹೇಳುವ ಧೈರ್ಯ ನಿನಗೆ ಬರಲಿಲ್ಲ. ಅಲ್ಲಿಯವರೆಗೂ ಅದು ಹೇಡಿತನ. ಅದಾದ ಮೇಲೆ ಒಬ್ಬ ಹೆಂಗಸಿನ ರಂಗೋಲಿಯ ಕೈಯನ್ನು ಈ ಕೆಲಸಕ್ಕೆ ಹಚ್ಚಿದ್ದು, ನಮ್ಮ ಮನೆಯ ಜಗಳವನ್ನು ಬೇರೆಯವರ ಎದುರು ಹರವಿ ಇಪ್ಪತ್ತು ಮಕ್ಕಳ ವಿಷಯ ಮುಚ್ಚಿದ್ದು ನೆನೆದರೆ ಮೈಯೆಲ್ಲ ಹೇಸಿಗೆಯಾಗುತ್ತದೆ. ಶುಕ್ರವಾರ ಮನೆಗೆ ಬಂದು ಎರಡು ಸಲ ಕೈ ತೊಳೆದೆ, ಉಗುರಿನ ಸಂದಿಯ ಹಳದಿ ಇನ್ನೂ ಹೋಗಿಲ್ಲ.

ಈಗ ಮಾಡುವುದಿಷ್ಟು. ನಾಳೆ ಬೆಳಗ್ಗೆ ಹತ್ತಕ್ಕೆ, ಅನುಮತಿ ಕೊಟ್ಟ ಕಚೇರಿಗೆ ಹೋಗಿ ನನ್ನ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಂಬತ್ತನೇ ಕಂಬದ ಎಂಟು ಫೋಟೋಗಳನ್ನೂ ಯಂತ್ರದ ಫೋಟೋವನ್ನೂ ಲಗತ್ತಿಸಿದ್ದೇನೆ. ಎರಡರಲ್ಲಿ ಒಂದು ಸಹಿ ಹೋದರೆ ಆ ಕಾಗದಕ್ಕೆ ಬೆಲೆಯಿಲ್ಲ, ಗುರುವಾರ ರೈಲು ಹೊರಡುವುದಿಲ್ಲ. ದಾರಿಯಲ್ಲಿ ಈ ಪತ್ರವನ್ನು ನಿನ್ನ ಮನೆಯ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಏಳೂವರೆಗೆ ನಿನ್ನ ಕೈಯಲ್ಲಿರುತ್ತದೆ. ನೀನೂ ಬಂದು ನಿನ್ನ ಸಹಿ ಹಿಂದಕ್ಕೆ ತೆಗೆದುಕೊಳ್ಳಲು ಎರಡೂವರೆ ಗಂಟೆ ಇದೆ. ಬರುವುದಾದರೆ ಮಾತಾಡಿಸಬೇಡ, ಪಕ್ಕದ ಕುರ್ಚಿಯಲ್ಲಿ ಕೂತರೆ ಸಾಕು.

ನಾಳೆ ಹತ್ತು ಗಂಟೆಯವರೆಗೆ ನಿನ್ನ ಹೆಸರಿನ ಕೆಳಗೆ ಸಹಿ ಇರುವ,
ಮೈತ್ರೇಯಿ

ವಿ.ಸೂ.: ನಂಬಿದೆ ಎಂದಿಟ್ಟುಕೋ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಸಹಿ ಹಾಕುವ ಮುಂಚೆ ನಾನೇ ಪಾರ್ಕಿಗೆ ಹೋಗಿ, ಹತ್ತರಲ್ಲಿ ಒಂದು ಬೋಲ್ಟನ್ನಾದರೂ ಕಣ್ಣಾರೆ ನೋಡಬೇಕು. ಅದು ನಾವೇ ಮಾಡಿಕೊಂಡ ನಿಯಮ. ಸೋಮವಾರ ನೀನು ವಿಶ್ವೇಶ್ವರಪುರದಿಂದ ಬಿಸಿ ಹೋಳಿಗೆ ಕಟ್ಟಿಸಿಕೊಂಡು ಬಂದೆ. ಮೂರು ವರ್ಷದಲ್ಲಿ ಮೊದಲ ಸಲ ಈ ಮನೆಯ ಒಳಗೆ ಬಂದು ಕೂತೆ, ನನ್ನ ಮೊಣಕಾಲು ಹೇಗಿದೆ ಎಂದು ಕೇಳಿದೆ. ನಾನು ಪುಟವನ್ನೂ ತಿರುಗಿಸದೆ ಸಹಿ ಹಾಕಿದೆ. ನೀನು ನನ್ನನ್ನು ನೋಡಲು ಬಂದೆ ಅಂದುಕೊಂಡಿದ್ದೆ. ಸ್ಥಳಕ್ಕೆ ಹೋಗದೆ ಸಹಿ ಹಾಕಿದ್ದೇನೆ ಎಂದು ಕಚೇರಿಯ ಪತ್ರದಲ್ಲಿ ಬರೆದಿದ್ದೇನೆ. ನನ್ನ ಲೈಸೆನ್ಸ್ ಉಳಿಯಲಾರದು. ಹೋಳಿಗೆಯ ವಿಷಯ ಬರೆದಿಲ್ಲ. ಎರಡು ಉಳಿದಿದ್ದವು. ಗುರುವಾರ ಪತ್ರಿಕೆಯ ಆ ಚಿತ್ರ ನೋಡಿದ ಮೇಲೂ ಒಂದನ್ನು ತುಪ್ಪ ಹಾಕಿ ಬಿಸಿ ಮಾಡಿಕೊಂಡು ತಿಂದೆ.