ಟೆಂಟಿಗೆ ಬೀಗ

ಡಿಸೆಂಬರ್ 27, ಶನಿವಾರ. ಹೈದರಾಬಾದಿನ ಹೊರಗಿನ ಕೆರೆದಂಡೆ.

ಬಟ್ಟೆಯ ಟೆಂಟಿಗೂ ಬೀಗ ಹಾಕುವವರು ಲೋಕದಲ್ಲಿ ನಮ್ಮ ಮಾವನವರೊಬ್ಬರೇ ಇರಬೇಕು. ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ ಕಾಯ್ದವರು. ಬೆಳಿಗ್ಗೆ ಜಿಪ್ಪಿಗೆ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿಯೇ ಕಾರು ಹತ್ತಿದರು.

ಚಾರ್‌ಮಿನಾರ್ ಆಯಿತು, ಅಬಿಡ್ಸ್‌ನ ಹಳೆ ಪುಸ್ತಕದಂಗಡಿಗಳಾದವು. ಅವರ ಬಲಗೈ ಮಾತ್ರ ಜೇಬಿನ ಕೀಲಿ ಬಿಡಲಿಲ್ಲ. ಇರಾನಿ ಚಹಾ ಕುಡಿದದ್ದೂ ಎಡಗೈಯಲ್ಲೇ!

ಸಂಜೆ ಬಂದರೆ ಬೀಗ ಭದ್ರವಾಗಿತ್ತು.

“ನಗಾಕತ್ತಿದ್ರಲ್ಲ, ಈಗ ನೋಡ್ರಿ. ಯಾರೂ ಮುಟ್ಟಿಲ್ಲ,” ಎಂದು ಮಾವ ಗತ್ತಿನಿಂದ ತೆಗೆದರು.

ಒಳಗೆ ನಮ್ಮ ಹಾಸಿಗೆಯ ಮೇಲೆ ಬೀದಿನಾಯಿಯೊಂದು ಮಲಗಿತ್ತು. ಎರಡು ದಿನಕ್ಕೆಂದು ತಂದ ಸಜ್ಜೆ ರೊಟ್ಟಿಯ ಗಂಟು ಖಾಲಿ. ಟೆಂಟಿಗೆ ಹಿಂದೆಯೂ ಒಂದು ಬಾಗಿಲಿದೆ, ಅದರ ಜಿಪ್ಪು ಕಿತ್ತುಹೋಗಿದೆ ಎಂದು ಆಗ ತಿಳಿಯಿತು. ನಿನ್ನೆ ಕತ್ತಲಲ್ಲಿ ಹಾಕುವಾಗ ಯಾರೂ ನೋಡಿರಲಿಲ್ಲ.

“ಅಜ್ಜಾ, ಕಳ್ಳ ಸಿಕ್ಕ!” ಎಂದು ಮಗಳು ಅನಘಾ ಕುಣಿದಳು. ಮಾವ ಕೈಯಲ್ಲಿದ್ದ ಬೀಗವನ್ನೇ ತಿರುಗಿಸಿ ತಿರುಗಿಸಿ ನೋಡಿದರು. ನನಗೇ ಪಾಪ ಅನ್ನಿಸಿತು.

ಈಗ ಮಲಗುವ ಹೊತ್ತಿಗೆ ಮುಂದಿನ ಬಾಗಿಲಿಗೆ ಒಳಗಿನಿಂದ ಬೀಗ, ಕೀಲಿ ಅವರ ದಿಂಬಿನಡಿ. ಹಿಂದಿನಿಂದ ನಾಯಿ ಮತ್ತೆ ಮೂತಿ ಹಾಕಿದೆ. ಓಡಿಸಬೇಕೆಂದು ನಾನು ಏಳುವಷ್ಟರಲ್ಲಿ ಮಾವನೇ ಕಾಲು ಮಡಚಿ ಜಾಗ ಕೊಟ್ಟರು.

“ಬಾರಪ್ಪ, ಈ ಬಾಗಿಲಾ ನೀ ನೋಡ್ಕೋ. ಆ ಕಡೆದು ನಾ...”