ನನ್ನ ಹೆಸರಿನ ಸಾಲು

ಕೊಂಬೈ
೧೪ ನವೆಂಬರ್ ೨೦೨೪

ಪ್ರೀತಿಯ ಸತ್ಯಾ,

ಹೇಗಿದ್ದೀಯಾ? ಪೋರ್ಟ್ ಬ್ಲೇರಿನ ಉಪ್ಪುಗಾಳಿಗೆ ನಿನ್ನ ಕೆಮ್ಮು ಇಳಿಯಿತೋ, ಇನ್ನೂ ಏರಿತೋ? ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀ. ಫೋನ್ ಹಿಡಿದರೆ ನಾನು ‘ಹ್ಞೂಂ, ಚೆನ್ನಾಗಿದ್ದೀನಿ’ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ, ನಿನಗೇ ಗೊತ್ತು. ಈ ತಮಿಳು ಸೀಮೆಯಲ್ಲಿ ನಮ್ಮವರಿಗೆ ಕನ್ನಡ ಬಾಯಲ್ಲುಂಟು, ಕೈಯಲ್ಲಿಲ್ಲ. ಮದುವೆಯಾದ ಹೊಸದರಲ್ಲಿ ನೀನು ಹಟ ಹಿಡಿದು ಕಲಿಸಿದ ಅಕ್ಷರಗಳಿವು, ತಪ್ಪಿದ್ದರೆ ಟೀಚರಮ್ಮನನ್ನೇ ಬೈದುಕೋ. ಈ ಮನೆಯಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಮ್ಮನ ಮೊಣಕಾಲು ಪರವಾಗಿಲ್ಲ. ಚಿನ್ನತಂಬಿ ಚಿಕ್ಕಪ್ಪ ಹಾಗೆಯೇ ಇದ್ದಾರೆ, ಕಾಫಿಗೆ ಕರೆದರೆ ಊಟದ ಹೊತ್ತಿಗೆ ಎದ್ದು ಬರುತ್ತಾರೆ. ದ್ರಾಕ್ಷಿ ಗೊಂಚಲು ಬಿಟ್ಟಿದೆ. ಸಂಘದ ಕೋಣೆಯಲ್ಲಿ ನೀನು ಕೂರಿಸಿದ ಕಂಪ್ಯೂಟರೂ ನಡೆಯುತ್ತಿದೆ. ಹನ್ನೆರಡು ತೋಟಗಳಲ್ಲಿ ನೆಟ್ಟ ಅಳತೆಯ ಪೆಟ್ಟಿಗೆಗಳು ಎಲೆ ಎಷ್ಟು ನೆನೆದಿದೆ ಎಂದು ಅದಕ್ಕೆ ಹೇಳುತ್ತವೆ, ಅದನ್ನು ನೋಡಿಕೊಂಡು ಇವತ್ತು ಮದ್ದು ಹೊಡೆಯಿರಿ ಅಥವಾ ಬೇಡ ಎಂದು ನೂರೆಂಬತ್ತು ಬೆಳೆಗಾರರಿಗೆ ನಾನೇ ಮೆಸೇಜು ಕಳಿಸುತ್ತೇನೆ. ಪೋರ್ಟ್ ಬ್ಲೇರಿನ ಕೆಲಸಕ್ಕೆಂದು ನೀನು ಎರಡು ಬ್ಯಾಗು ಹಿಡಿದು ಬಸ್ಸು ಹತ್ತುವಾಗ ನಾನು ಅಂದದ್ದು ನೆನಪಿದೆಯಲ್ಲ: “ಹೋಗ್, ನೀ ಇಲ್ಲಾಂದ್ರೆ ಇಲ್ಲಿ ಒಂದೂ ನಿಂದೋಗಾದಿಲ್ಲ.” ಅಂದ ಮೇಲೆ ನಡೆಸಲೇಬೇಕಾಯಿತು. ಆಡಿದ ಮಾತಿಗೆ ನಾನೇ ಕೂಲಿಯಾಳಾದೆ.

ಮೊದಮೊದಲು ಆ ಕಪ್ಪು ಪರದೆಯ ಮುಂದೆ ಕೂತರೆ ಬೆವರುತ್ತಿದ್ದೆ. ನೀನು ಬರೆದಿಟ್ಟು ಹೋದ ಉದ್ದುದ್ದ ಆಜ್ಞೆಗಳನ್ನು ಒಂದೊಂದೇ ಅಕ್ಷರ ಒತ್ತಿ ಹೊಡೆಯುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಆಮೇಲೆ ಮೇಲುಮುಖದ ಬಾಣದ ಗುಂಡಿ ಒತ್ತಿದರೆ ಹಿಂದೆ ಹೊಡೆದದ್ದೇ ತಿರುಗಿ ಬರುತ್ತದೆ ಎಂದು ಗೊತ್ತಾಯಿತು. ಗೊತ್ತಾದದ್ದೇ ತಡ, ಕಣ್ಣು ಮುಚ್ಚಿಕೊಂಡು ಬಾಣ ಒತ್ತುವುದು, ಎಂಟರ್ ಒತ್ತುವುದು. ಏಪ್ರಿಲ್‌ನಲ್ಲಿ ಒಂದು ದಿನ ಹೀಗೇ ಒತ್ತಿ, ನೆತ್ತಿ ಸುಡುವ ಬಿಸಿಲಿನಲ್ಲಿ ಹಿಂದಿನ ದಿನದ ಸಂದೇಶವನ್ನೇ ಎಲ್ಲರಿಗೂ ಕಳಿಸಿಬಿಟ್ಟೆ: ಸಂಜೆ ಮಳೆ, ಯಾರೂ ಮದ್ದು ಹೊಡೆಯಬೇಡಿ. ಮಾರನೇ ದಿನ ಕಂಬಂನಿಂದ ಮುತ್ತುಮಾರಿ ಅಕ್ಕ ಶೇರ್ ಆಟೋದಲ್ಲಿ ಬಂದಿಳಿದರು. ಅವರ ತೋಟಕ್ಕೆ ಮದ್ದು ಒಂದು ದಿನ ತಡವಾಗಿತ್ತು. ಬೈಯಲಿಲ್ಲ, ಬಾಗಿಲಲ್ಲಿ ನಿಂತು, “ಶಿವಬಾಲಾ, ಕೊಡೆ ತಂದೀನಿ. ನಿನ್ನ ಮಳೆ ಎಲ್ಲಿ ನಿಂದದೆ?” ಎಂದರು. ಅದಾದ ಮೇಲೆ ಒತ್ತುವ ಮೊದಲು ಓದುತ್ತೇನೆ.

ಕಂಟ್ರೋಲ್ ಹಿಡಿದು ಆರ್ ಒತ್ತಿ ನಾಲ್ಕು ಅಕ್ಷರ ಹೊಡೆದರೆ ಬೇಕಾದ ಹಳೆಯ ಸಾಲು ತಾನಾಗಿ ಬರುವುದನ್ನು ನಿನ್ನ ನೋಟುಪುಸ್ತಕದಿಂದಲೇ ಕಲಿತೆ. ಆಗ ನಿನ್ನ ಕಳ್ಳಾಟ ಸಿಕ್ಕಿಬಿತ್ತು. ಪ್ರತಿ ಆಜ್ಞೆಯ ಕೊನೆಗೆ ಒಂದು ಜಾಲರಿ ಗುರುತು (#) ಹಾಕಿದರೆ ಮುಂದಿನದನ್ನು ಯಂತ್ರ ಓದುವುದಿಲ್ಲ. ಅಲ್ಲಿ ನೀನು, ಹುಡುಕುವುದಕ್ಕೆ ಸುಲಭವಾಗಲಿ ಎಂದು, ಮನೆಯವರ ಹೆಸರುಗಳನ್ನು ಅಂಟಿಸಿದ್ದೀಯ. ಇಬ್ಬನಿ ಲೆಕ್ಕ ಹಾಕುವುದಕ್ಕೆ ನಾಗಮ್ಮಾಳ್, ಏಕೆಂದರೆ ಅಮ್ಮ ಬೆಳಿಗ್ಗೆ ಎದ್ದವಳೇ ಅಂಗಳದ ಇಬ್ಬನಿ ಮುಟ್ಟಿ ನೋಡುತ್ತಾಳೆ. ಶುರುವಾಗುವುದಕ್ಕೇ ಇಪ್ಪತ್ತು ನಿಮಿಷ ಬೇಕಾದದ್ದಕ್ಕೆ ಚಿನ್ನತಂಬಿ. ಒಬ್ಬನೇ ಕೂತು ಎಷ್ಟು ನಕ್ಕೆ ಗೊತ್ತಾ? ನಕ್ಕು ಮುಗಿದ ಮೇಲೆ ಕೋಣೆ ತುಂಬ ಖಾಲಿ ಅನಿಸಿತು. ಮಧ್ಯಾಹ್ನ ಯಾರೂ ಇಲ್ಲದಾಗ ನಿನ್ನ ಹಳೆಯ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುವ ಚಾಳಿ ಹತ್ತಿತು. ಪಕ್ಕದಲ್ಲೇ ತಾರೀಕೂ ಗಂಟೆಯೂ ಇರುತ್ತವೆ. ನನಗೆ ಜ್ವರ ಬಂದ ವಾರ ನೀನು ದಿನಕ್ಕೆ ಒಂದೇ ಸಾಲು ಹೊಡೆದು ಮನೆಗೆ ಓಡಿ ಬಂದಿದ್ದೀಯ. ಅದು ನನಗೆ ಆಗ ತಿಳಿದೇ ಇರಲಿಲ್ಲ.

ಹಾಗೆ ಓದುತ್ತಿದ್ದವನು ಒಂದು ದಿನ ಆಸೆಪಟ್ಟು ನನ್ನ ಹೆಸರನ್ನೇ ಹುಡುಕಿದೆ. ಸಿಕ್ಕಿತು. ನಮ್ಮ ತೋಟದ ಪೆಟ್ಟಿಗೆ ಆಗಾಗ ಬಿಗಿದುಕೊಂಡು ಮಾತು ನಿಲ್ಲಿಸುತ್ತದಲ್ಲ, ಅದನ್ನು ಕೂತಲ್ಲಿಂದಲೇ ಎಬ್ಬಿಸುವ ಆಜ್ಞೆ. ಅದಕ್ಕೆ ಶಿವಾ ಎಂದು ಹೆಸರು! ನನಗೆ ರೋಷ ಬಂತು, ಸತ್ಯಾ. ಆ ಸಾಲನ್ನು ನಾನು ಒಂದು ಸಲವೂ ಬಳಸಲಿಲ್ಲ. ಪೆಟ್ಟಿಗೆ ಮುನಿದಾಗಲೆಲ್ಲ ಎರಡು ಕಿಲೋಮೀಟರ್ ನಡೆದು ಹೋಗಿ ಕೈಯಾರೆ ಆರಿಸಿ ಹೊತ್ತಿಸಿ ಬಂದೆ. ಅಮ್ಮ ಕೇಳಿದಳು, ಬಿಸಿಲಲ್ಲಿ ಯಾಕೆ ಅಲೆಯುತ್ತೀ ಎಂದು. ಕಾಲಾಡಲಿ ಎಂದೆ.

ಇನ್ನು, ಅಲ್ಲಿಯ ಹವಾಮಾನ ಕಚೇರಿಯವರು ಮತ್ತೆ ಎರಡು ವರ್ಷಕ್ಕೆ ಇರು ಎಂದು ಕೊಟ್ಟಿರುವ ಕಾಗದದ ವಿಷಯ. ತಿಂಗಳ ಕೊನೆಗೆ ಸಹಿ ಹಾಕಿ ಕೊಡಬೇಕು, ನೀನು ಏನನ್ನುತ್ತೀ ಎಂದು ನನ್ನನ್ನು ಕೇಳಿದ್ದೆ. ನಿನ್ನಿಷ್ಟ ಎಂದು ನಾನು ಅಂದಿದ್ದೆ. ಒಳ್ಳೆಯ ಕೆಲಸ, ಮರ್ಯಾದೆಯ ಕೆಲಸ. ಇಲ್ಲಿ ಯಾವುದೂ ನಿಂತಿಲ್ಲ. ಈಗಲೂ ಅದನ್ನೇ ಬರೆಯುತ್ತೇನೆ.

ಅಮ್ಮ ನಿನಗೆ ದೃಷ್ಟಿ ತೆಗೆದು ಹಾಕಿದ್ದಾಳೆ, ಅಷ್ಟು ದೂರಕ್ಕೆ ತಲುಪುತ್ತದೆಯಂತೆ. ಚಿಕ್ಕಪ್ಪನೂ ಕೇಳಿದರು ಎಂದು ತಿಳಿ. ಸಮುದ್ರದ ಹತ್ತಿರ ಒಬ್ಬಳೇ ಹೋಗಬೇಡ.

ನಿನ್ನ
ಶಿವಬಾಲನ್

ಮರೆತದ್ದು: ಲಕೋಟೆ ಅಂಟಿಸುವ ಮೊದಲು ಇದೊಂದು. ನಮ್ಮ ಪೆಟ್ಟಿಗೆ ಮಾತು ನಿಲ್ಲಿಸಿ ಮೂರು ದಿನವಾಯಿತು. ಈ ಸಲ ಆರಿಸಿ ಹೊತ್ತಿಸಿದರೂ ಏಳಲಿಲ್ಲ. ರೋಷ ನುಂಗಿ ನನ್ನ ಹೆಸರು ಹುಡುಕಿದೆ, ಆ ಸಾಲು ಇಲ್ಲ. ದಿಂಡುಗಲ್‌ನಿಂದ ಕಂಪ್ಯೂಟರ್ ನೋಡಲು ಬರುವ ಬಾಲಮುರುಗನ್ ಹೇಳಿದ, ಯಂತ್ರ ನೆನಪಿಡುವುದು ಕಡೆಯ ಸಾವಿರ ಸಾಲು ಮಾತ್ರವಂತೆ. ಮತ್ತೆ ಮತ್ತೆ ಬಳಸಿದ್ದು ಹೊಸದಾಗಿ ಕೆಳಗೆ ಸೇರುತ್ತದೆ, ಬಳಸದೇ ಬಿಟ್ಟದ್ದು ಮೇಲಿನಿಂದ ಉದುರಿಹೋಗುತ್ತದೆ. ಅಮ್ಮನ ಸಾಲಿದೆ, ಚಿಕ್ಕಪ್ಪನ ಸಾಲಿದೆ. ನೀನು ಹೊರಟ ಬೆಳಿಗ್ಗೆ ಕಟ್ಟಕಡೆಗೆ ಹೊಡೆದು ಹೋಗಿದ್ದು ನನ್ನದನ್ನು. ದಿನಕ್ಕೆ ಮೂರರಂತೆ ಹನ್ನೊಂದು ತಿಂಗಳು ನಾನೇ ಹೊಡೆದು ಹೊಡೆದು ಅದನ್ನು ತಳ್ಳಿಬಿಟ್ಟಿದ್ದೇನೆ. ನಿನ್ನ ನೋಟುಪುಸ್ತಕದಲ್ಲೂ ಅದಿಲ್ಲ, ನಾನೂ ಎಲ್ಲೂ ಬರೆದಿಟ್ಟುಕೊಂಡಿಲ್ಲ. ಫೋನಿನಲ್ಲಿ ಆ ಸಾಲು ಹೇಳಿಬಿಡಬೇಡ, ನನಗದು ಬೇಡ. ಆ ಕಾಗದಕ್ಕೆ ಸಹಿ ಹಾಕಬೇಡ, ಸತ್ಯಾ. ನನ್ನ ಕೈಲಾಗುತ್ತಿಲ್ಲ. ಬಂದುಬಿಡು.